ಹಿತ್ತಲ ಮಾತು: ಕುಂಬಳಬಳ್ಳಿಯ ಮುಂದೆ ಹತ್ತು ನಿಮಿಷ

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವು ಎಲೆ ಮುರುಟಿದ್ದು, ಗುಲಾಬಿಗೆ ಮೊಗ್ಗು ಬಾರದ್ದು, ಕರಿಬೇವು ಚಿಗುರದೇ ನಿಂತದ್ದು, ಇಂಥ ದೂರುಗಳೇ. ಬೂದಿ ಎರಚಿರಿ, ಬೇವಿನ ಹಿಂಡಿ ಹಾಕಿರಿ ಎಂದು ಉತ್ತರ ಬರೆದು ಮುಗಿಸುವುದು ನನಗೂ ರೂಢಿಯಾಗಿಬಿಟ್ಟಿದೆ. ಆದರೆ ಬಸವಕಲ್ಯಾಣದ ಸೋದರಿಯೊಬ್ಬರು ಬರೆದ ಕಾಗದ ಎರಡು ದಿನ ನನ್ನನ್ನು ಸುಮ್ಮನೆ ಕೂಡಗೊಡಲಿಲ್ಲ. ಅವರ ಮಾತನ್ನು ಅವರದೇ ರೀತಿಯಲ್ಲಿ ಇಲ್ಲಿ ಕೊಡುತ್ತೇನೆ:

“ಅಕ್ಕಾ, ಕುಂಬಳಬಳ್ಳಿ ಭಾಳ ಚಂದ ಹಬ್ಬ್ಯಾದ. ಕಂಪೌಂಡ್ ಗೋಡಿ ಏರಿ ಬಾಜೂ ಮನಿ ಪತ್ರಾದ ಮ್ಯಾಲ ಹೋಗ್ಯಾದ. ದಿನಾ ಎಂಟು ಹತ್ತು ಹೂ ಅರಳ್ತಾವ. ಆದ್ರ ಕಾಯಿ ಲಿಂಬಿಕಾಯಿಯಷ್ಟು ಆಗೂದ್ರಾಗ ಹಳದಿ ಬಿದ್ದು ಉದುರ್ಲತ್ತಾವ. ನಮ್ಮ ಅತ್ತಿಯವರು ‘ಬಳ್ಳಿಗಿ ಕಣ್ಣ ಬಿದ್ದದ, ಹಳೀ ಕೆರವು ಕಟ್ಟು’ ಅಂದ್ರು, ಕಟ್ಟೀನಿ. ನಮ್ಮನಿಯವರು ‘ಬೀಜಾನೇ ಖೊಟ್ಟಿ’ ಅಂತಾರ. ಬಾಜೂ ಮನಿ ವೈನಿ ‘ಮೊಬೈಲ್ ಟವರ್ ಬಂದಾಗಿಂದ ಹಿಂಗೇ ಆಗ್ಯಾದ’ ಅಂತಾರ. ಮೊನ್ನಿ ಮುಂಜಾನಿ ಬಳ್ಳಿ ಹತ್ರ ನಿಂತಾಗ ನನಗ ತಟ್ಟನ ಹೊಳೀತು, ಸಪ್ಪಳಾನೇ ಇಲ್ಲ! ನಾ ಲಗ್ನ ಆಗಿ ಈ ಮನಿಗಿ ಬಂದಾಗ ಇದೇ ಜಾಗದಾಗ ಹೂವಿನ ಒಳಗ ಜೇನು ಗುಂಯ್ ಅಂತಿದ್ವು. ಅವು ಎಲ್ಲಿ ಹೋದ್ವು ಅಕ್ಕಾ?”

ಕೊನೆಯ ಪ್ರಶ್ನೆ ನನಗೆ ನಾಟಿತು. ಯಾಕೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಬಳ್ಳಿಯ ವಿಚಾರ ನೋಡೋಣ.

ಕುಂಬಳ, ಸೌತಿ, ಹೀರಿ, ಹಾಗಲ, ಸೋರೆ, ಈ ಬಳಗದಲ್ಲಿ ಒಂದೇ ಬಳ್ಳಿಯ ಮೇಲೆ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಗಂಡು ಹೂವು ಉದ್ದನೆಯ ತೆಳು ತೊಟ್ಟಿನ ಮೇಲೆ ನಿಂತಿರುತ್ತದೆ. ಹೆಣ್ಣು ಹೂವಿನ ತೊಟ್ಟು ಗಿಡ್ಡ, ಅದರ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಮೊದಲೇ ಕೂತಿರುತ್ತದೆ. ಅದನ್ನು ನೋಡಿ ‘ಕಾಯಿ ಕಟ್ಟಿತು’ ಎಂದು ನಾವು ಸಂತೋಷಪಡುತ್ತೇವೆ. ಅದು ಇನ್ನೂ ಕಟ್ಟಿಲ್ಲ! ಗಂಡು ಹೂವಿನ ಪರಾಗ ಹೆಣ್ಣು ಹೂವಿನ ನಡುವಿನ ಅಂಟಿಗೆ ಹತ್ತಿದರೆ ಮಾತ್ರ ಅದು ಬೆಳೆಯುತ್ತದೆ, ಇಲ್ಲವಾದರೆ ನಾಲ್ಕು ದಿನದಲ್ಲಿ ಹಳದಿಯಾಗಿ ಉದುರುತ್ತದೆ. ಜೋಳದ ಪರಾಗವನ್ನು ಗಾಳಿ ಹೊತ್ತೊಯ್ಯುತ್ತದೆ. ಕುಂಬಳದ್ದು ಭಾರ, ಜಿಗುಟು. ಗಾಳಿಯಿಂದ ಆಗದ ಕೆಲಸ, ಹುಳವೇ ಬರಬೇಕು. ಅದೂ ಒಂದು ಸಲ ಬಂದು ಹೋದರೆ ಸಾಲದು, ಹಲವು ಸಲ ಬರಬೇಕು. ಪರಾಗ ಅರೆಬರೆ ಆದ ಸೌತಿಕಾಯಿ ಒಂದು ಕಡೆ ದಪ್ಪ, ಒಂದು ಕಡೆ ಸೊರಗಿ ಸೊಟ್ಟಗೆ ಬೆಳೆಯುವುದನ್ನು ನೀವು ನೋಡಿರಬಹುದು.

ಹಾಗಂತ ಕಾಯಿ ಉದುರಿದ್ದಕ್ಕೆಲ್ಲ ಜೇನಿನದೇ ಕಾರಣ ಅಲ್ಲ. ಬಳ್ಳಿ ಮೊದಮೊದಲು ಬರೀ ಗಂಡು ಹೂ ಬಿಡುತ್ತದೆ, ಅದು ಅದರ ಗುಣ. ಗೊಬ್ಬರ ಅತಿಯಾದರೆ ಬಳ್ಳಿ ಸೊಕ್ಕಿ ಎಲೆಯನ್ನೇ ಬೆಳೆಸುತ್ತದೆ. ಬುಡದಲ್ಲಿ ನೀರು ನಿಂತರೂ ಉದುರುತ್ತದೆ, ಕಡು ಬಿಸಿಲಿಗೂ ಉದುರುತ್ತದೆ. ಉದುರಿದ ಕಾಯಿಯನ್ನು ಹೆಚ್ಚಿ ನೋಡಿದಾಗ ಒಳಗೆ ಬಿಳಿ ಹುಳ ಇದ್ದರೆ ಅದು ಹಣ್ಣುನೊಣದ ಕೆಲಸ. ಇದನ್ನೆಲ್ಲ ನೋಡದೇ ‘ಜೇನು ಇಲ್ಲ’ ಎನ್ನಬಾರದು. ಹಾಗಾಗಿ ಅವರಿಗೆ ಫೋನ್ ಮಾಡಿದೆ.

“ಉದುರಿದ ಕಾಯಿ ಒಡದು ನೋಡೀರೇನ್ರಿ?” ಅಂದೆ.

“ನೋಡೀನಿ ಅಕ್ಕಾ. ಒಳಗ ಏನಿಲ್ಲ. ಒಣಗಿದಂಗ ಅದ.”

“ಹೆಣ್ಣ ಹೂ ಬರ್ಲತ್ತಾವಲ್ಲ?”

“ದಿನಕ್ಕ ಒಂದೋ ಎರಡೋ.”

“ಹಂಗಾದ್ರ ಒಂದು ಕೆಲಸ ಮಾಡ್ರಿ. ನಾಳಿ ಮುಂಜಾನಿ ಏಳು ಗಂಟೆಗೆ ಬಳ್ಳಿ ಮುಂದ ಹತ್ತು ನಿಮಿಷ ಕೂಡ್ರಿ. ಹೂವಿಗಿ ಏನೇನು ಬರ್ತಾವ, ಎಣಿಸ್ರಿ.”

ಆ ಕಡೆಯಿಂದ ನಗು ಬಂತು. “ಮುಂಜಾನಿ ಏಳಕ್ಕೇನು? ನಳಾ ಬರೂ ಹೊತ್ತು ಅಕ್ಕಾ! ಹುಡುಗರ ಡಬ್ಬಿ ಬ್ಯಾರೆ ಕಟ್ಟಬೇಕು. ಹತ್ತು ನಿಮಿಷ ನಾ ಸುಮ್ಕ ಕೂತಿದ್ದು ನೋಡಿದ್ರ ನಮ್ಮ ಅತ್ತಿಯವರು ಡಾಕ್ಟರಿಗಿ ಕರೀತಾರ.”

ಆದರೂ ಕೂತರು. ಮೂರನೇ ದಿನ ಸಂಜೆ ಫೋನ್ ಬಂತು. ಮೊದಲ ದಿನ ಜೇನು ಎರಡು. ಎರಡನೇ ದಿನ ಒಂದು. ಮೂರನೇ ದಿನ ಇರುವೆ, ಎಲೆ ತಿನ್ನುವ ಕೆಂಪು ಹುಳ, ಮತ್ತೆ ಒಂದು ದೊಡ್ಡ ಕರಿ ದುಂಬಿ. ಜೇನು ಇಲ್ಲ. ಹೂವು ಒಟ್ಟು ಹನ್ನೊಂದು ಅರಳಿದ್ದವಂತೆ.

ಈಗ ನನ್ನ ವಿಷಯ. ನಮ್ಮ ಹುಮನಾಬಾದಿನ ಮನೆಯ ಹಿಂದೆ ಒಂದು ಲಿಂಬೆ ಗಿಡ ಇದೆ. ಚಳಿಗಾಲ ಬಂತೆಂದರೆ ಅದರ ಒಳಟೊಂಗೆಯಲ್ಲಿ ಅಂಗೈ ಅಗಲದ ಕೋಲುಜೇನಿನ ಹುಟ್ಟು ತೂಗುತ್ತಿತ್ತು. ಯಾರಿಗೂ ಒಂದು ದಿನ ಕಚ್ಚಿದ್ದಿಲ್ಲ. ಕೆಲವು ವರ್ಷದ ಹಿಂದೆ ಮೊಮ್ಮಗಳ ತೊಟ್ಟಿಲ ಕಾರ್ಯ ಮನೆಯಲ್ಲೇ ಇಟ್ಟುಕೊಂಡೆವು. ಮಂದಿ ಬರುತ್ತಾರೆ, ಮಕ್ಕಳು ಓಡಾಡುತ್ತಾರೆ ಎಂದು ಹೆದರಿ ನಾನೇ ಒಬ್ಬ ಹುಡುಗನಿಗೆ ಹೇಳಿ, ಕೋಲಿಗೆ ಎಣ್ಣೆ ಬಟ್ಟೆ ಸುತ್ತಿ ಅದನ್ನು ಸುಡಿಸಿದೆ. ಎರಡು ನಿಮಿಷದ ಕೆಲಸ. ಗಿಡದ ಕೆಳಗೆ ಬಿದ್ದ ಹುಳಗಳನ್ನು ಮರದಲ್ಲಿ ತುಂಬಿ ಚೆಲ್ಲಿದ್ದೂ ನಾನೇ. ಮರುವರ್ಷ ಹುಟ್ಟು ಬರಲಿಲ್ಲ. ಅದರ ಮರುವರ್ಷವೂ ಇಲ್ಲ.

ಆ ವರ್ಷ ಲಿಂಬೆ ಬಿಡಲೇ ಇಲ್ಲ ಅಂತ ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಸುಳ್ಳು ಹೇಳಲಾರೆ, ಲಿಂಬೆ ಎಂದಿನಂತೇ ಬಿಟ್ಟಿತು. ಬದಲಾದದ್ದು ತುಳಸಿ ಕಟ್ಟೆ. ಮುಂಜಾನೆ ನೀರು ಹಾಕಲು ಹೋದಾಗ ತುಳಸಿಯ ತೆನೆಗಳ ಮೇಲೆ ಕೆಂಪು ಹೊಟ್ಟೆಯ ಸಣ್ಣ ಜೇನು ಕೂತಿರುತ್ತಿದ್ದವು, ಕೈ ಅಡ್ಡ ಬಂದರೂ ಏಳುತ್ತಿರಲಿಲ್ಲ. ಅವು ಇಲ್ಲವೆಂಬುದು ನನಗೆ ಗೊತ್ತಾಗಿದ್ದೇ ತಡವಾಗಿ. ಬಸವಕಲ್ಯಾಣದ ಸೋದರಿಗೆ ಸಪ್ಪಳ ಇಲ್ಲದ್ದು ತಟ್ಟನೆ ಹೊಳೆಯಿತು. ಅಂಕಣ ಬರೆಯುವ ನನಗೆ ಎರಡು ವರ್ಷ ಬೇಕಾಯಿತು!

ನಾವು ‘ಜೇನು’ ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಒಂದೇ ಹುಳವಲ್ಲ. ಎತ್ತರದ ನೀರಿನ ಟ್ಯಾಂಕಿಗೆ, ದೊಡ್ಡ ಮರಕ್ಕೆ, ಹಳೇ ಗೋಡೆಗೆ ಜೋಕಾಲಿಯಂತೆ ದೊಡ್ಡ ಹುಟ್ಟು ಕಟ್ಟುವುದು ಹೆಜ್ಜೇನು. ಇದು ಸಿಟ್ಟಿನದು, ಇದರ ತಂಟೆ ಬೇಡ. ಗಿಡಗಂಟಿಯ ಕಡ್ಡಿಯ ಸುತ್ತ ಅಂಗೈಯಷ್ಟು ಕಟ್ಟುವುದು ಕೋಲುಜೇನು. ಮರದ ಪೊಟರೆಯಲ್ಲಿ, ಪೆಟ್ಟಿಗೆಯಲ್ಲಿ ಇರುವುದು ತುಡುವೆ ಜೇನು, ಮಲೆನಾಡಿನವರು ಸಾಕುವುದು ಇದನ್ನು. ಗೋಡೆಯ ಬಿರುಕಿನಲ್ಲಿ ಮೇಣದ ಸಣ್ಣ ಕೊಳವೆ ಮಾಡಿಕೊಂಡಿರುವ, ಇರುವೆಗಿಂತ ತುಸು ದೊಡ್ಡದಾದ, ಮುಳ್ಳೇ ಇಲ್ಲದ ಒಂದು ಜಾತಿ ಇದೆ. ಅದಕ್ಕೆ ಮುಜಂಟಿ, ನುಸಿಜೇನು ಎನ್ನುತ್ತಾರೆ. ಇವೆಲ್ಲ ಗುಂಪಿನಲ್ಲಿ ಬಾಳುವಂಥವು. ಇವಲ್ಲದೆ ಒಂಟಿಯಾಗಿ ಬಾಳುವ ಜೇನುಗಳೇ ಹೆಚ್ಚು. ಲೋಕದಲ್ಲಿ 20,000ಕ್ಕೂ ಮಿಕ್ಕಿ, ನಮ್ಮ ದೇಶದಲ್ಲಿ 700ಕ್ಕೂ ಮಿಕ್ಕಿ ಜೇನಿನ ಜಾತಿಗಳಿವೆ. ಅವುಗಳಲ್ಲಿ ಬಹುಪಾಲು ಜೇನುತುಪ್ಪ ಮಾಡುವುದೇ ಇಲ್ಲ. ನೆಲದಲ್ಲಿ ಬೆರಳು ತೂರದಷ್ಟು ತೂತು ಕೊರೆದು, ಇಲ್ಲವೇ ಟೊಳ್ಳು ಕಡ್ಡಿಯಲ್ಲಿ ಮೊಟ್ಟೆಯಿಟ್ಟು, ಒಬ್ಬೊಬ್ಬಳೇ ತಾಯಿ ಪರಾಗ ತಂದು ಮರಿಗೆ ಬುತ್ತಿ ಕಟ್ಟಿಡುತ್ತದೆ.

ಅವರು ಎಣಿಸಿದ ಆ ಕರಿ ದುಂಬಿಯೂ ಜೇನಿನ ಬಳಗದ್ದೇ. ತೊಲೆ, ಜಂತಿ, ಬಿದಿರಿನಲ್ಲಿ ದುಂಡಗೆ ತೂತು ಕೊರೆಯುವುದು ಅದೇ. ನೋಡಲು ಭಯಂಕರ, ಆದರೆ ಪಾಪದ ಪ್ರಾಣಿ. ಬದನೆಯ ಪರಾಗ ಒಂದು ಸಣ್ಣ ಕೊಳವೆಯೊಳಗೆ ಇರುತ್ತದೆ, ಉಪ್ಪಿನ ಡಬ್ಬಿಗಿದ್ದಂತೆ ತುದಿಗೆ ತೂತು. ಈ ದುಂಬಿಯಂಥವು ಹೂವನ್ನು ತಬ್ಬಿ ಝುಂಯ್ ಎಂದು ಮೈ ನಡುಗಿಸಿದರೆ ಪರಾಗ ಉದುರುತ್ತದೆ. ತುಪ್ಪದ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಟೊಮ್ಯಾಟೊ ಹೂವಿಗೂ ಈ ನಡುಕ ಒಳ್ಳೆಯದು. ದುಂಬಿ ಬಾರದ ಮನೆಯಲ್ಲಿ ಹೊತ್ತೇರಿದ ಮೇಲೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿರಿ, ಸ್ವಲ್ಪ ಗುಣ ಕಾಣುತ್ತದೆ.

ಇವೆಲ್ಲ ಎಲ್ಲಿ ಇರುತ್ತಿದ್ದವು? ನಮ್ಮ ಜೊತೆಯಲ್ಲೇ. ನನ್ನ ತವರುಮನೆ ಮಣ್ಣಿನ ಮಾಳಿಗೆ. ಕಲ್ಲು ಮಣ್ಣಿನ ಗೋಡೆ, ಬೇವಿನ ಜಂತಿ, ಸಗಣಿ ಸಾರಿಸಿದ ಅಂಗಳ. ಗೋಡೆಯ ಸಂದಿಯಲ್ಲಿ ನುಸಿಜೇನು, ಜಂತಿಯಲ್ಲಿ ದುಂಬಿ, ಹಿತ್ತಲ ಮೂಲೆಯ ಒಣ ನೆಲದಲ್ಲಿ ಒಂಟಿ ಜೇನು, ಮದರಂಗಿ ಬೇಲಿಯಲ್ಲಿ ಕೋಲುಜೇನು. ಈಗ ಆರ್‌ಸಿಸಿ ಮನೆ. ಅಂಗಳಕ್ಕೆ ಫರಸಿ ಕಲ್ಲು ಹಾಸಿ ಸಂದಿಗೆಲ್ಲ ಸಿಮೆಂಟು ತುಂಬಿಸಿದ್ದೇವೆ, ಕೆಸರಿಲ್ಲ ಧೂಳಿಲ್ಲ ಎಂದು. ನಾನೂ ಹಾಸಿದ್ದೇನೆ, ಮಳೆಗಾಲದಲ್ಲಿ ಕಾಲು ಕೆಸರಾಗದ ಸುಖ ಬಿಡಲು ನಾನೂ ತಯಾರಿಲ್ಲ. ಬೇಲಿ ಹೋಗಿ ಕಂಪೌಂಡು ಬಂತು. ಬೇವು ಕಸ ಉದುರಿಸುತ್ತದೆಂದು ಕಡಿದೆವು. ಇದ್ದ ನಾಲ್ಕು ಕುಂಡದಲ್ಲಿ ಬಣ್ಣದ ಎಲೆಯ ಗಿಡ ಇಟ್ಟೆವು. ಅದಕ್ಕೆ ಹೂವೂ ಇಲ್ಲ ಹಣ್ಣೂ ಇಲ್ಲ. ಚೆಂಡು ಹೂವಿನಲ್ಲೂ ದಳದ ಮೇಲೆ ದಳ ಇರುವ ದಪ್ಪ ಚೆಂಡೇ ಬೇಕು ನಮಗೆ. ಅದರೊಳಗೆ ಜೇನಿಗೆ ಬಾಯಿ ತೂರಿಸಲು ಜಾಗವಿಲ್ಲ.

ಹೆಜ್ಜೇನಿನ ಬಗ್ಗೆ ಒಂದು ಎಚ್ಚರಿಕೆಯ ಮಾತು. ಅದು ವಲಸೆಯ ಹುಳ. ಹೂವು ಇರುವಲ್ಲಿ ಕೆಲವು ತಿಂಗಳು, ಮುಗಿದರೆ ಗುಂಪಿಗೆ ಗುಂಪೇ ಎದ್ದು ಬಹುದೂರ ಹೋಗಿ, ಮುಂದಿನ ವರ್ಷ ಅದೇ ಜಾಗಕ್ಕೆ ತಿರುಗಿ ಬರುತ್ತದೆ. ಟ್ಯಾಂಕಿನ ಕೆಳಗೆ ಹುಟ್ಟು ಖಾಲಿಯಾದದ್ದನ್ನು ನೋಡಿ ‘ಜೇನು ಸತ್ತುಹೋದವು’ ಎನ್ನಬೇಡಿರಿ. ಊರಿಗೆ ಹೋಗಿರುತ್ತವೆ. ಆದರೆ ಮುಂಜಾನೆ ವರಾಂಡದ ಟ್ಯೂಬ್‌ಲೈಟಿನ ಕೆಳಗೆ ಹತ್ತಾರು ಸತ್ತು ಬಿದ್ದಿದ್ದರೆ ಅದು ಬೇರೆ ಮಾತು. ಹೆಜ್ಜೇನು ಬೆಳದಿಂಗಳಲ್ಲಿಯೂ ಹಾರಬಲ್ಲದು, ದೀಪಕ್ಕೆ ಮೋಸಹೋಗುತ್ತದೆ. ಹತ್ತಿರದಲ್ಲಿ ಹುಟ್ಟು ಇದ್ದಾಗ ಹೊರಗಿನ ದೀಪ ಆರಿಸಿ ಮಲಗಿರಿ. ಕೂಸುಗಳು ಬರಿಗಾಲಲ್ಲಿ ತುಳಿದು ಅಳುವುದೂ ತಪ್ಪುತ್ತದೆ.

ಹಿತ್ತಲಿಗೆ ಬರುವ ಜೇನು ಹಿತ್ತಲಿನದಷ್ಟೇ ಅಲ್ಲ, ಹೊಲದ್ದೂ ಹೌದು. ನಮ್ಮ ಎರಡೂ ಊರು ಹೊಲದ ನಡುವಿನ ಊರುಗಳು. ಮೊದಲು ಹೊಲದ ಅಂಚಿಗೆ ಕುಸುಬಿ ಬಿತ್ತುತ್ತಿದ್ದರು, ಮುಳ್ಳಿಗೆ ದನ ಒಳಗೆ ಬಾರವೆಂದು. ಒಳಗೆ ಅಕ್ಕಡಿ ಸಾಲಿನಲ್ಲಿ ಗುರೆಳ್ಳು, ಎಳ್ಳು, ಅಗಸಿ. ಒಂದು ಮುಗಿದರೆ ಇನ್ನೊಂದು ಹೂ. ಮುಂದೆ ಸೂರ್ಯಕಾಂತಿ ಬಂತು, ಅದೂ ಈಗ ಬಹಳ ಇಳಿದಿದೆ. ಇವತ್ತು ಬೀದರ ಜಿಲ್ಲೆ ಸೋಯಾಬೀನಿಗೆ ಹೆಸರುವಾಸಿ. ರೈತನಿಗೆ ಕೈಗೆ ದುಡ್ಡು ಬರುವ ಬೆಳೆ, ಅದನ್ನು ಬಿಡಿರೆಂದು ಹೇಳಲು ನಾನ್ಯಾರು? ಆದರೆ ಸೋಯಾ ತನ್ನ ಪರಾಗ ತಾನೇ ಮಾಡಿಕೊಳ್ಳುವ ಬೆಳೆ. ಹೂ ಬಿಡುವುದು ಕೆಲವೇ ವಾರ, ಹೊಲಕ್ಕೆ ಹೊಲವೇ ಒಂದೇ ಹೊತ್ತಿಗೆ. ಆಮೇಲೆ ಜೇನಿಗೆ ಉಪವಾಸ.

ಇನ್ನು ಎಣ್ಣೆ. ನಮ್ಮ ಕಡೆ ಔಷಧ ಸಿಂಪಡಿಸುವುದಕ್ಕೆ ಎಣ್ಣೆ ಹೊಡೆಯುವುದು ಅಂತಲೇ ಅನ್ನುತ್ತಾರಲ್ಲ. ತೊಗರಿ ಹೂವಾದಾಗಲೇ ಕಾಯಿಕೊರಕ ಬರುತ್ತದೆ, ಎಣ್ಣೆಯೂ ಆಗಲೇ. ಜೇನು ತೊಗರಿಗೆ ಮುಗಿಬೀಳುವುದೂ ಆಗಲೇ. ಇಲ್ಲಿ ನಮ್ಮ ಕೈಯಲ್ಲಿ ಒಂದು ಮಾತಿದೆ. ಬುತ್ತಿ ಕಟ್ಟುವಾಗ ಮನೆಯವರಿಗೆ, ತಮ್ಮನಿಗೆ ಹೇಳಬಹುದು: ಹೊಡೆಯುವುದೇ ಆದರೆ ಸಂಜೆ ಹೊತ್ತು ಮುಳುಗುವಾಗ ಹೊಡೆಯಿರಿ, ಜೇನು ಗೂಡಿಗೆ ಹೋಗಿರುತ್ತವೆ. ಯಾವ ಎಣ್ಣೆ, ಎಷ್ಟು ಎಂದು ಅಂಗಡಿಯವನನ್ನು ಕೇಳುವ ಬದಲು ಬೀದರಿನ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿರಿ. ಬೀಜಕ್ಕೆ ಹಚ್ಚುವ ಔಷಧಗಳಲ್ಲಿ ಕೆಲವು ಗಿಡದೊಳಗೇ ಏರಿ ಹೂವಿನ ಪರಾಗಕ್ಕೂ ಬರುತ್ತವೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಕ್ಲೋಥಿಯಾನಿಡಿನ್ ಎಂಬ ಅಂಥ ಮೂರನ್ನು ಜೇನಿನ ಸಲುವಾಗಿಯೇ ಯೂರೋಪಿನ ಒಕ್ಕೂಟ 2018ರಲ್ಲಿ ಬಯಲಿನ ಬೆಳೆಗಳಲ್ಲಿ ಬಳಸದಂತೆ ನಿಷೇಧಿಸಿತು.

ಟವರ್ ಎಂದ ವೈನಿಯವರಿಗೆ: ಟವರಿನಿಂದಲೇ ಜೇನು ಹೋದವು ಎಂದು ಗಟ್ಟಿಯಾಗಿ ತೋರಿಸಿದವರಿಲ್ಲ. ಟವರಿನ ಮೇಲೇ ಹೆಜ್ಜೇನು ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಟವರನ್ನು ಬೈಯುವುದು ಸುಲಭ, ಅದು ನಮ್ಮ ಮನೆಯದಲ್ಲ. ಅದಕ್ಕಿಂತ ಹೆದ್ದಾರಿಯ ಚಹಾದಂಗಡಿಯ ಪಕ್ಕದ ಬುಟ್ಟಿಯನ್ನು ಒಮ್ಮೆ ಇಣುಕಿ ನೋಡಿರಿ. ಕಾಗದದ ಕಪ್ಪಿನ ತಳದಲ್ಲಿ ಉಳಿದ ಸಕ್ಕರೆಗೆ ಬಂದು ಅಂಟಿ ಸತ್ತ ಜೇನು ಕಾಣುತ್ತವೆ. ತಮಿಳುನಾಡಿನ ಸಂಶೋಧಕರು ಹೀಗೆ ಸಾಯುವ ಜೇನುಗಳನ್ನು ಎಣಿಸಿ 2011ರಲ್ಲಿ ‘ಕರೆಂಟ್ ಸೈನ್ಸ್’ ಎಂಬ ಪತ್ರಿಕೆಯಲ್ಲಿ ಬರೆದರು. ಲೆಕ್ಕ ಸಾವಿರಗಟ್ಟಲೆ ಹೋಗಿತ್ತು.

ಎಣಿಸಿದರು ಎಂದೆನಲ್ಲ, ನನಗೆ ಮುಖ್ಯವಾಗಿ ಹೇಳಬೇಕಾದದ್ದು ಅದೇ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ 1991-92ರಲ್ಲಿ ನಮ್ಮ ರಾಜ್ಯಕ್ಕೆ ಬಂದು, ದಕ್ಷಿಣ ಕನ್ನಡ, ಕೊಡಗು ಕಡೆಯ ತುಡುವೆ ಜೇನಿನ ಪೆಟ್ಟಿಗೆಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಖಾಲಿಯಾದವು. ಮರಿಹುಳಗಳು ನೀರು ತುಂಬಿದ ಚೀಲದಂತಾಗಿ ಸಾಯುವ ರೋಗ ಅದು. ಅಲ್ಲಿ ಅದು ಗೊತ್ತಾದದ್ದು ಯಾಕೆ? ಪೆಟ್ಟಿಗೆ ಇತ್ತು, ಲೆಕ್ಕ ಇತ್ತು, ಸಾಕಿದವನ ಕಣ್ಣು ಇತ್ತು. ಜರ್ಮನಿಯ ಕ್ರೆಫೆಲ್ಡ್ ಎಂಬ ಊರಲ್ಲಿ ಹುಳ ಹಿಡಿಯುವ ಹವ್ಯಾಸಿಗಳ ಒಂದು ಸಂಘವಿದೆ. ಕಾಯ್ದಿಟ್ಟ ಕಾಡು ಬಯಲುಗಳಲ್ಲಿ ಒಂದೇ ಬಗೆಯ ಬಲೆ ಕಟ್ಟಿ, ಬಿದ್ದ ಹುಳಗಳನ್ನು ತೂಗಿ ಬರೆದಿಟ್ಟರು. 1989ರಿಂದ 2016ರವರೆಗಿನ 27 ವರ್ಷದ ತೂಕ ಕೂಡಿಸಿ ನೋಡಿದಾಗ ಹಾರುವ ಹುಳಗಳ ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದಿತ್ತು. 2017ರಲ್ಲಿ ಅದು ಪ್ರಕಟವಾದಾಗ ಲೋಕವೇ ಬೆಚ್ಚಿತು. ನಮ್ಮ ಹಿತ್ತಲುಗಳಲ್ಲಿ ಯಾರು ಎಣಿಸಿದ್ದಾರೆ? ‘ಮೊದಲು ಭಾಳ ಇದ್ದವು’ ಎನ್ನುವುದೊಂದೇ ನಮ್ಮ ಲೆಕ್ಕ. ಅದು ಖರೇ ಇರಬಹುದು. ಚಿಕ್ಕಂದಿನ ಮಳೆಗಾಲ ಎಲ್ಲರಿಗೂ ದೊಡ್ಡದಾಗಿ ಕಾಣುವಂತೆ ಇದೂ ಇರಬಹುದು.

ಅದಕ್ಕೆ ಬಸವಕಲ್ಯಾಣದವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಇಂಗ್ಲೆಂಡಿನ ಮಂದಿ 2017ರಿಂದ ಹೀಗೆ ಮಾಡುತ್ತಿದ್ದಾರೆ: ಅರ್ಧ ಮೀಟರು ಉದ್ದ, ಅರ್ಧ ಮೀಟರು ಅಗಲ, ಅಂದರೆ ನಮ್ಮ ಒಂದು ಮೊಳಕ್ಕಿಂತ ತುಸು ಹೆಚ್ಚು ಜಾಗದ ಹೂವುಗಳ ಮುಂದೆ ಹತ್ತು ನಿಮಿಷ ಕೂತು, ಬಂದ ಹುಳಗಳನ್ನು ಎಣಿಸುವುದು. ಅಷ್ಟೇ. ನೀವು ಒಂದೇ ಗಿಡ ಆರಿಸಿಕೊಳ್ಳಿರಿ. ತುಳಸಿ ಎಲ್ಲಕ್ಕಿಂತ ಅನುಕೂಲ, ಎಲ್ಲರ ಮನೆಯಲ್ಲೂ ಇರುತ್ತದೆ, ವರ್ಷದ ಬಹುಕಾಲ ಹೂವಿರುತ್ತದೆ. ಒಂದೇ ಹೊತ್ತು, ವಾರಕ್ಕೊಂದು ಸಲ, ಮಳೆ ಗಾಳಿ ಇಲ್ಲದ ದಿನ. ಜಾತಿ ಗುರುತು ಸಿಗದಿದ್ದರೆ ‘ಸಣ್ಣದು, ದೊಡ್ಡದು, ಕರಿದು’ ಎಂದು ಬರೆದರೂ ಸಾಕು. ನಾನು ಬರೆಯುವುದು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ, ಅರ್ಧ ಲೀಟರಿನ ಪಕ್ಕದಲ್ಲಿ ಜೇನಿನ ಅಂಕಿ. ಒಂದು ಸೊನ್ನೆ ಬಂದರೂ ಬರೆಯಿರಿ, ಸೊನ್ನೆಯೂ ಲೆಕ್ಕವೇ. ಶ್ರಾವಣದ ಅಂಕಿಯನ್ನು ಮಾಘದ ಅಂಕಿಗೆ ಹೋಲಿಸಬೇಡಿರಿ, ಮುಂದಿನ ಶ್ರಾವಣಕ್ಕೆ ಹೋಲಿಸಿರಿ. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ, ಭಜ್ಜಿ ಕಡುಬು ಉಂಡು ಕೂತ ಹೊತ್ತಿನಲ್ಲಿ, ಕುಸುಬಿ ಸಾಲಿದ್ದರೆ ಅದರ ಮುಂದೊಂದು ಹತ್ತು ನಿಮಿಷ. ಮಕ್ಕಳನ್ನು ಎಣಿಸಲು ಹಚ್ಚಿರಿ, ಅವಕ್ಕೆ ಇದು ಆಟ.

ತುಳಸಿಯ ತೆನೆಗಳನ್ನು ಗಿಡ ದಪ್ಪ ಆಗಲಿ ಎಂದು ನಾವು ಚಿವುಟುತ್ತೇವೆ. ಎಲ್ಲ ಚಿವುಟಬೇಡಿರಿ, ನಾಲ್ಕು ತೆನೆ ಬಿಡಿರಿ. ಬಲಿತ ಕೊತ್ತಂಬರಿ, ಸಬ್ಬಸಗಿ ಒಂದೆರಡು ಗಿಡ ಕೀಳದೆ ಹೂವಿಗೆ ಬಿಡಿರಿ. ಹಿತ್ತಲ ಮೂಲೆಯಲ್ಲಿ ಒಂದು ಮೊಳ ನೆಲ ಅಗೆಯದೆ, ಹಾಸದೆ, ಹಾಗೇ ಇರಲಿ. ಬೇಸಿಗೆಯಲ್ಲಿ ಜೇನು ಗೂಡನ್ನು ತಂಪಾಗಿಡಲು ನೀರು ಹೊರುತ್ತವೆ. ನಳದ ಕೆಳಗೆ, ಮಣ್ಣಿನ ಗಡಿಗೆಯ ಹಸಿ ಮೈಗೆ ಬಂದು ಕೂಡುವುದು ಅದಕ್ಕೇ. ಒಂದು ಮಣ್ಣಿನ ತಾಟಿನಲ್ಲಿ ಹರಳು ತುಂಬಿ, ಹರಳು ಮುಳುಗದಷ್ಟು ನೀರು ಹಾಕಿಡಿರಿ. ಬಕೆಟ್ಟಿನಲ್ಲಿ ಬಿದ್ದು ಸಾಯುವುದು ತಪ್ಪುತ್ತದೆ. ದಿನಾ ನೀರು ಬದಲಿಸಿರಿ, ಇಲ್ಲವಾದರೆ ಸೊಳ್ಳೆ ಸಾಕಿದಂತಾಗುತ್ತದೆ.

ಜೇನು ತಿರುಗಿ ಬರುವವರೆಗೆ ಬಳ್ಳಿ ಕಾಯಬೇಕೇ? ಬೇಡ. ಕುಂಬಳದ ಹೂ ಬೆಳಗಿನ ಜಾವ ಅರಳಿ ಹೊತ್ತೇರುವುದರೊಳಗೆ ಬಾಡುತ್ತದೆ. ಆರೂವರೆ ಏಳಕ್ಕೆ ಹೋಗಿ, ಆಗಷ್ಟೇ ಅರಳಿದ ಗಂಡು ಹೂವನ್ನು ತೊಟ್ಟಿನ ಸಮೇತ ಕಿತ್ತು, ದಳ ಹಿಂದಕ್ಕೆ ಮಡಚಿ, ನಡುವಿನ ಹಳದಿ ದಿಂಡನ್ನು ಹೆಣ್ಣು ಹೂವಿನ ನಡುವಿನ ಅಂಟಿಗೆ ಸುತ್ತಲೂ ಮೆಲ್ಲಗೆ ಹಚ್ಚಿರಿ. ಒಂದು ಹೆಣ್ಣು ಹೂವಿಗೆ ಎರಡು ಗಂಡು ಹೂವಾದರೆ ಇನ್ನೂ ಒಳ್ಳೆಯದು. ಹೀರಿ, ಸೋರೆ ಸಂಜೆ ಅರಳುವಂಥವು. ಅವಕ್ಕೆ ದೀಪ ಹಚ್ಚುವ ಹೊತ್ತಿಗೆ ಮಾಡಿರಿ. ಮಿಕ್ಕ ಗಂಡು ಹೂ ಬಿಸಾಡಬೇಡಿರಿ. ಒಳಗೆ ಹುಳ ಇದೆಯೇ ನೋಡಿ, ನಡುವಿನ ದಿಂಡು ತೆಗೆದು ತೊಳೆದು, ಕಡಲೆಹಿಟ್ಟಿಗೆ ಒಂದು ಚಮಚ ಅಕ್ಕಿಹಿಟ್ಟು, ಅಜವಾನ, ಖಾರ, ಉಪ್ಪು ಕಲಸಿ ಅದ್ದಿ ಕರಿದರೆ ಗರಿಗರಿ ಬಜ್ಜಿ. ಆದರೆ ನಾಲ್ಕಾರು ಗಂಡು ಹೂ ಬಳ್ಳಿಯಲ್ಲೇ ಇರಲಿ, ಬರುವ ಒಂದೆರಡು ಜೇನಿಗೆ ಅದೇ ಊಟ.

ಕೋಲುಜೇನು ಗಿಡದಲ್ಲಿ ಕಟ್ಟಿದರೆ ಒಂದು ಕೆಂಪು ಬಟ್ಟೆಯ ಚೂರನ್ನು ಪಕ್ಕದ ಟೊಂಗೆಗೆ ಕಟ್ಟಿ, ಮಕ್ಕಳಿಗೆ ‘ಇಲ್ಲಿ ಕೈ ಹಾಕಬ್ಯಾಡ್ರಿ’ ಎಂದು ಹೇಳಿದರೆ ಸಾಕಾಗುತ್ತದೆ. ನಾನು ಅಂದು ಅಷ್ಟೇ ಮಾಡಬಹುದಿತ್ತು. ಹೆಜ್ಜೇನು ಮಂದಿ ಓಡಾಡುವ ಜಾಗದಲ್ಲಿ ಕಟ್ಟಿದರೆ ಮಾತ್ರ ಬಲ್ಲವರನ್ನೇ ಕರೆಸಿರಿ, ನೀವು ಕೈ ಹಾಕಬೇಡಿರಿ. ಕಚ್ಚಿದರೆ ಮುಳ್ಳನ್ನು ಉಗುರಿನಿಂದ ಕೆರೆದು ತಡಮಾಡದೆ ತೆಗೆಯಿರಿ. ಬಹಳ ಕಚ್ಚಿದ್ದರೆ, ಇಲ್ಲವೇ ತುಟಿ ಮುಖ ಬಾತು ಉಸಿರು ಸಿಕ್ಕಂತಾದರೆ ಮನೆಮದ್ದು ಮಾಡುತ್ತ ಕೂಡದೆ ದವಾಖಾನೆಗೆ ಓಡಿರಿ.

ಮೊನ್ನೆ ಬಸವಕಲ್ಯಾಣದಿಂದ ಮತ್ತೆ ಫೋನ್ ಬಂತು. ಕೈಯಿಂದ ಪರಾಗ ಹಚ್ಚಿದ ಐದರಲ್ಲಿ ಮೂರು ಕಾಯಿ ನಿಂತಿವೆ, ಒಂದು ತೆಂಗಿನಕಾಯಿಯಷ್ಟಾಗಿದೆ. ಎಣಿಕೆ ನಡೆದಿದೆ: ಎರಡು, ಒಂದು, ಮಳೆಯ ದಿನ ಸೊನ್ನೆ, ನಾಲ್ಕು. ಈಗ ಎಣಿಸುವವರು ಅವರಲ್ಲ, ಅವರ ಅತ್ತೆ.

“ಅವರಿಗಿ ಮುಂಜಾನಿ ಹ್ಯಾಂಗೂ ನಿದ್ದಿ ಬರಲ್ಲ ಅಕ್ಕಾ. ಬಳ್ಳಿ ಮುಂದ ಮಣಿ ಹಾಕ್ಕೊಂಡು ಕೂಡ್ತಾರ. ಜೇನು ಬಂತಂದ್ರ ‘ಬಂತ ನೋಡು, ಬಂತ ನೋಡು’ ಅಂತ ಒದರ್ತಾರ. ನಾ ನಳದ ಹತ್ರ ನಿಂತು ಗ್ವಾಡಿಗಿ ಗೀಟು ಹೊಡೀತೀನಿ.”

“ಮತ್ತ ಆ ಕೆರವು?” ಅಂದೆ.

“ಅದು ಹಂಗೇ ಅದ. ಕಾಯಿ ನಿಂತಿದ್ದು ಅದರಿಂದೇ ಅಂತಾರ ಅವರು. ನಾ ಬಿಚ್ಚಲಕ್ಕ ಹೋಗಿಲ್ಲ.”